ಗುಳ್ಳೆ ಒಡೆದು ನೋಡಿ: ಕಡಲ ಬದಿಯ ಕಬ್ಬಿಣ, ಪೇಂಟ್ ಮತ್ತು ಉಪ್ಪಿನ ಬಗ್ಗೆ ಓದುಗರ ಪ್ರಶ್ನೆಗಳು

ಅಕ್ಟೋಬರ್ ಬಂತೆಂದರೆ ಈ ಅಂಕಣಕ್ಕೆ ಒಂದೇ ತರದ ಪತ್ರಗಳು ಬರಲು ಶುರುವಾಗುತ್ತವೆ. ಮಳೆ ಕಡಿಮೆಯಾಗಿರುತ್ತದೆ, ಜನ ಅಂಗಳಕ್ಕೆ ಇಳಿದು ಗೇಟು, ಗ್ರಿಲ್, ಶೀಟ್ ಎಲ್ಲ ಒಮ್ಮೆ ನೋಡುತ್ತಾರೆ, ಮೇ ತಿಂಗಳಲ್ಲಿ ದುಡ್ಡು ಸುರಿದು ಹೊಡೆಸಿದ ಬಣ್ಣ ಗುಳ್ಳೆ ಎದ್ದಿರುತ್ತದೆ. ಹಡಗು, ಟ್ಯಾಂಕ್, ಪೈಪ್‌ಗಳ ಬಣ್ಣ ಪರೀಕ್ಷಿಸುವ ಕೆಲಸದಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದವು. ಹಾಗಾಗಿ ಈ ಪತ್ರಗಳನ್ನು ಓದುವಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ತಡೆಯಬಹುದಾದ ನಷ್ಟ ಇದು. ಮೊದಲ ಪ್ರಶ್ನೆಗೆ ಉತ್ತರ ಉದ್ದ ಆಗಿದೆ, ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇರುವ ಕಾರಣ ಅದನ್ನು ಮೊಟಕು ಮಾಡಲಿಲ್ಲ.

ಪ್ರಶ್ನೆ: ನಮ್ಮ ಮನೆಯಿಂದ ಕಡಲಿಗೆ ಐದು ನಿಮಿಷದ ದಾರಿ. ಮೇ ತಿಂಗಳಲ್ಲಿ ಗೇಟಿಗೆ ರೆಡ್ ಆಕ್ಸೈಡ್ ಒಂದು ಕೋಟ್, ಮೇಲೆ ಒಳ್ಳೆ ಕಂಪನಿಯ ಎನಾಮಲ್ ಎರಡು ಕೋಟ್ ಹೊಡೆಸಿದೆವು. ಆಗಸ್ಟ್ ಹೊತ್ತಿಗೆ ಕಾಳುಮೆಣಸಿನಷ್ಟು ಗಾತ್ರದ ಗುಳ್ಳೆಗಳು. ಉಗುರಲ್ಲಿ ಒತ್ತಿದರೆ ಒಳಗಿಂದ ನೀರು ಬರುತ್ತದೆ. ಪೇಂಟರ್ ಹೇಳುತ್ತಾನೆ ಪೇಂಟೇ ಡೂಪ್ಲಿಕೇಟ್ ಅಂತ, ಅಂಗಡಿಯವರು ಹೇಳುತ್ತಾರೆ ಪೇಂಟರಿನ ಕೆಲಸ ಸರಿ ಇಲ್ಲ ಅಂತ. ಯಾರನ್ನು ನಂಬುವುದು ಮಾರಾಯ್ರೆ?
– ಒಬ್ಬರು ಗೃಹಿಣಿ, ಉಳ್ಳಾಲ

ಉತ್ತರ: ಅಕ್ಕ, ಗುಳ್ಳೆಯೊಳಗೆ ನೀರಿತ್ತು ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಗುಳ್ಳೆ ಒಡೆದಾಗ ಒಳಗೆ ಏನೂ ಇಲ್ಲದೆ ಬರೀ ಗಾಳಿ ಇದ್ದರೆ, ಉರಿ ಬಿಸಿಲಲ್ಲಿ ಕಾದ ಕಬ್ಬಿಣದ ಮೇಲೆ ಬಣ್ಣ ಹೊಡೆದಿದ್ದಾರೆ, ಮೇಲ್ಪದರ ಬೇಗ ಒಣಗಿ ಥಿನ್ನರ್ ಒಳಗೇ ಸಿಕ್ಕಿಕೊಂಡಿತ್ತು ಅಂತ ಅರ್ಥ ಮಾಡಬಹುದು. ನೀರಿದ್ದರೆ ಮೊದಲ ಅನುಮಾನ ಉಪ್ಪಿನ ಮೇಲೆ.

ನಾವು ಪೇಂಟ್ ಅಂದರೆ ಗಾಜಿನ ಹಾಗೆ, ನೀರು ದಾಟುವುದೇ ಇಲ್ಲ ಅಂದುಕೊಂಡಿದ್ದೇವೆ. ಯಾವ ಪೇಂಟೂ ಹಾಗಿಲ್ಲ. ಎಷ್ಟು ದುಬಾರಿಯದಾದರೂ ಸ್ವಲ್ಪ ಸ್ವಲ್ಪವಾಗಿ ನೀರಿನ ಆವಿಯನ್ನೂ ಆಮ್ಲಜನಕವನ್ನೂ ಒಳಗೆ ಬಿಡುತ್ತದೆ. ಆದರೆ ಉಪ್ಪನ್ನು ಅಷ್ಟು ಸುಲಭವಾಗಿ ದಾಟಿಸುವುದಿಲ್ಲ. ತೊಂದರೆ ಇಲ್ಲೇ ಶುರುವಾಗುವುದು. ಬಣ್ಣದ ಅಡಿಯಲ್ಲಿ ಮೊದಲೇ ಉಪ್ಪು ಇದ್ದರೆ ಅದು ಹೊರಗಿನ ನೀರನ್ನು ಬಣ್ಣದ ಮೂಲಕವೇ ಒಳಗೆ ಎಳೆದುಕೊಳ್ಳುತ್ತದೆ, ಎಳೆದ ನೀರು ಹೊರಗೆ ಹೋಗಲಾಗದೆ ಬಣ್ಣವನ್ನು ಎತ್ತುತ್ತದೆ. ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ಎರಡು ದಿನದಲ್ಲಿ ನೀರು ಬಿಟ್ಟು ಮಿಡಿ ಮುರುಟುತ್ತದೆ, ನಾವು ಒಂದು ತೊಟ್ಟು ನೀರೂ ಹಾಕಿರುವುದಿಲ್ಲ. ಮಿಡಿಯ ಸಿಪ್ಪೆ ದಾಟಿಸಿ ಉಪ್ಪು ಆ ನೀರನ್ನು ಎಳೆದದ್ದು. ನಿಮ್ಮ ಗೇಟಿನಲ್ಲಿ ಆದದ್ದೂ ಅದೇ, ಸಿಪ್ಪೆಯ ಜಾಗದಲ್ಲಿ ಎನಾಮಲ್ ಇತ್ತು ಅಷ್ಟೆ.

ಇದರ ಬಲ ಎಷ್ಟು ಅಂದರೆ, ಒಂದು ಬದಿಯಲ್ಲಿ ಸಮುದ್ರದ ನೀರು, ಇನ್ನೊಂದು ಬದಿಯಲ್ಲಿ ಸಿಹಿನೀರು ಇದ್ದರೆ ನಡುವಿನ ಪೊರೆಯ ಮೇಲೆ ಸುಮಾರು 27 ಬಾರ್ ಒತ್ತಡ ಹುಟ್ಟಬಹುದು. ಕಾರಿನ ಟಯರಿನಲ್ಲಿ ಇರುವುದು ಸುಮಾರು 2 ಬಾರ್. ಗುಳ್ಳೆಯಲ್ಲಿ ಅಷ್ಟೂ ಒತ್ತಡ ಬರುವುದಿಲ್ಲ, ಅದಕ್ಕೆ ಎಷ್ಟೋ ಮೊದಲೇ ಬಣ್ಣ ಹಿಡಿತ ಬಿಟ್ಟು ಎದ್ದಿರುತ್ತದೆ. ಇನ್ನೊಂದು ವಿಷಯ ಗಮನಿಸಿ. ಹೊರಗಿನ ನೀರು ಎಷ್ಟು ಸಪ್ಪೆಯೋ ಎಳೆತ ಅಷ್ಟು ಜಾಸ್ತಿ. ಮಳೆನೀರಿಗಿಂತ ಸಪ್ಪೆ ನೀರು ಎಲ್ಲಿದೆ? ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುತ್ತದೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಿಡೀ ಕೂತ ಉಪ್ಪಿನ ಮೇಲೆ ಮೇ ತಿಂಗಳಲ್ಲಿ ಬಣ್ಣ ಮುಚ್ಚಿ, ಜೂನ್‌ನಲ್ಲಿ ಅದರ ಮೇಲೆ ನಾಲ್ಕು ತಿಂಗಳು ಸಪ್ಪೆ ನೀರು ಬಿಟ್ಟ ಹಾಗಾಯಿತು. ಗುಳ್ಳೆ ಏಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಾಗಿಲ್ಲ.

"ನಮ್ಮ ಗೇಟಿನಲ್ಲಿ ಉಪ್ಪು ಎಲ್ಲಿತ್ತು, ನಾನು ನೋಡಲೇ ಇಲ್ಲ" ಅಂತ ನೀವು ಕೇಳಬಹುದು. ಕಾಣುವಷ್ಟು ಇರಬೇಕಾಗಿಲ್ಲ. ಹಡಗುಗಳ ಬ್ಯಾಲಸ್ಟ್ ಟ್ಯಾಂಕಿಗೆ (ಹಡಗಿನ ಸಮತೋಲನಕ್ಕೆ ಕಡಲ ನೀರು ತುಂಬಿಸುವ ಟ್ಯಾಂಕ್) ಬಣ್ಣ ಹೊಡೆಯುವ ಮೊದಲು ಉಕ್ಕಿನ ಮೇಲೆ ಎಷ್ಟು ಉಪ್ಪು ಇರಬಹುದು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2006ರಲ್ಲಿ ನಿಯಮ ಮಾಡಿತು. ಒಂದು ಚದರ ಮೀಟರಿಗೆ 50 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇರಬಾರದು. ನಾವು ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪನ್ನು ಐದಾರು ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಒಂದು ಚದರ ಮೀಟರಿಗೆ ಹರಡಿದಷ್ಟು. ಕಣ್ಣಿಗೆ ಕಾಣಲು ಸಾಧ್ಯವೇ ಇಲ್ಲ. ಉಳ್ಳಾಲದಲ್ಲಿ ಮಧ್ಯಾಹ್ನ ಬೀಸುವ ಪಡುಗಾಳಿಗೆ ಮುಖ ಕೊಟ್ಟು ನಿಂತ ಗೇಟಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಉಪ್ಪು ಇದ್ದರೆ ಆಶ್ಚರ್ಯ ಇಲ್ಲ.

ಅದಲ್ಲದೆ ಕಡಲ ಉಪ್ಪು ಬರೀ ಅಡುಗೆ ಉಪ್ಪಲ್ಲ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದ ಮೇಲೆ ನೀರಾಗಲು ಶುರುವಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇ. 33 ಸಾಕು. ಮಂಗಳೂರಿನ ಗಾಳಿ ಅಷ್ಟು ಒಣಗುವ ದಿನ ವರ್ಷದಲ್ಲಿ ಎಷ್ಟು ಸಿಗುತ್ತದೆ ಹೇಳಿ! ಗೇಟು ಒಣಗಿದೆ ಅಂತ ನಮಗೆ ಕಂಡರೂ, ಅದರ ಮೇಲೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪದರ ಯಾವಾಗಲೂ ಇರುತ್ತದೆ.

ಈಗ ತುಕ್ಕಿನ ವಿಷಯ. ಗುಳ್ಳೆಯೊಳಗೆ ನೀರು ಸೇರಿತು, ಉಪ್ಪು ಕರಗಿತು, ಅಲ್ಲಿಗೆ ಒಂದು ಸಣ್ಣ ಬ್ಯಾಟರಿ ತಯಾರಾಯಿತು. ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಅದು ಆನೋಡ್. ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಕಬ್ಬಿಣದ ಒಳಗಿಂದಲೇ ಸ್ವಲ್ಪ ಆಚೆ ಹೋಗಿ, ಅಲ್ಲಿ ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಕ್ಷಾರ ಹುಟ್ಟಿಸುತ್ತವೆ, ಅದು ಕ್ಯಾಥೋಡ್. ನಮಗೆ ಕಾಣುವುದು ಆನೋಡಿನ ಹತ್ತಿರದ ಕೆಂಪು ತುಕ್ಕು ಮಾತ್ರ. ಬಣ್ಣವನ್ನು ಕೊಲ್ಲುವುದು ಹೆಚ್ಚಾಗಿ ಕ್ಯಾಥೋಡಿನ ಕ್ಷಾರ. ಉಪ್ಪಿನಲ್ಲಿರುವ ಸೋಡಿಯಮ್ ಅಲ್ಲಿಗೆ ಸರಿದು ಬಂದು ಕಾಸ್ಟಿಕ್ ಸೋಡಾ ಆಗುತ್ತದೆ. ನಿಮ್ಮ ಎನಾಮಲ್ ಎಣ್ಣೆಯ ಮೂಲದ ಪೇಂಟ್. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿದರೆ ಏನಾಗುತ್ತದೆ ಅಂತ ಮನೆಯಲ್ಲಿ ತೆಂಗಿನೆಣ್ಣೆ ಸೋಪು ಮಾಡುವವರಿಗೆ ಗೊತ್ತು. ಬಣ್ಣದ ತಳ ಸೋಪಾಗುತ್ತದೆ, ಹಿಡಿತ ಹೋಗುತ್ತದೆ, ಗುಳ್ಳೆ ಅಗಲ ಆಗುತ್ತದೆ. ಗೀರು ಬಿದ್ದ ಜಾಗದ ಸುತ್ತ ಪೇಂಟ್ ಹಾಳೆಯ ಹಾಗೆ ಎದ್ದಾಗ, ಅದರ ಅಡಿಯಲ್ಲಿ ಕೆಲವೊಮ್ಮೆ ತುಕ್ಕೇ ಇಲ್ಲದೆ ಕಬ್ಬಿಣ ಪಳಪಳ ಇರುತ್ತದೆ, ನೋಡಿದ್ದೀರಾ? ಕ್ಷಾರದ ಕೆಲಸ ಅದು.

ಇದನ್ನು ಮನೆಯಲ್ಲೇ ನೋಡಬಹುದು. ಅರಿಶಿನ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಸವರಿ ಒಣಗಿಸಿಡಿ. ಒಡೆಯದ ಗುಳ್ಳೆಯನ್ನು ಸೂಜಿಯಲ್ಲಿ ಚುಚ್ಚಿ, ಒಳಗಿನ ನೀರನ್ನು ಆ ಕಾಗದಕ್ಕೆ ತಾಗಿಸಿ. ಆರತಿಯ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಆಗುವ ಹಾಗೆ ಕಾಗದ ಕೆಂಪಾದರೆ ಆ ಗುಳ್ಳೆ ಕ್ಷಾರದ್ದು, ಅಂದರೆ ಬ್ಯಾಟರಿ ಕೆಲಸ ಮಾಡುತ್ತಿದೆ. ಹಳದಿಯೇ ಉಳಿದರೆ ಸದ್ಯಕ್ಕೆ ಉಪ್ಪು ನೀರು ಎಳೆದ ಗುಳ್ಳೆ ಮಾತ್ರ. ಆ ನೀರು ಕಣ್ಣಿಗೆ ಹಾರದ ಹಾಗೆ ಕನ್ನಡಕ ಹಾಕಿಕೊಳ್ಳಿ, ಕ್ಷಾರ ಜೋರಾಗಿರುತ್ತದೆ.

ಹಾಗಾದರೆ ಯಾರದು ತಪ್ಪು? ನೀವು ಬರೆದದ್ದು ನೋಡಿದರೆ ಪೇಂಟ್ ಡೂಪ್ಲಿಕೇಟ್ ಇರಲಾರದು. ಪೇಂಟರ್ ಕೂಡ ಸ್ಯಾಂಡ್ ಪೇಪರ್ ಹಾಕಿ ಉಜ್ಜಿಯೇ ಉಜ್ಜಿರುತ್ತಾನೆ. ಆದರೆ ಒಣ ಉಜ್ಜುವಿಕೆಯಿಂದ ಉಪ್ಪು ಹೋಗುವುದಿಲ್ಲ, ತುಕ್ಕಿನ ಸಣ್ಣ ಗುಂಡಿಗಳೊಳಗೆ ಇನ್ನಷ್ಟು ಕೂರುತ್ತದೆ. ತೊಳೆಯಬೇಕಿತ್ತು. ಯಾರೂ ಅವನಿಗೆ ಹೇಳಿಲ್ಲ. ಕಬ್ಬಿಣಕ್ಕೆ ಬಣ್ಣ ಹೊಡೆಯುವ ಮೊದಲು ನೀರು ಹಾಕುವುದೇ ತಪ್ಪು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನನ್ನ ತಾಯಿಯ ಮನೆಯ ಟೆರೇಸಿನ ಕೈಹಿಡಿ ಕಂಬಿಗೆ ಒಬ್ಬ ಕಂಟ್ರಾಕ್ಟರ್ ಹಡಗಿಗೆ ಬಳಸುವ ದುಬಾರಿ ಎಪಾಕ್ಸಿ ಪೇಂಟನ್ನೇ ಹೊಡೆದರು. ನಾನು ಊರಲ್ಲಿರಲಿಲ್ಲ. ತೊಳೆಯದೆ ಹೊಡೆದಿದ್ದರು. ಒಂದೇ ಮಳೆಗಾಲಕ್ಕೆ ಪಡುಬದಿಯ ಕಂಬಿಯಿಡೀ ಗುಳ್ಳೆ. ಅವರಿಗೆ ಪೇಂಟಿನ ಬೆಲೆ ಗೊತ್ತಿತ್ತು, ಒಂದು ಬಕೆಟ್ ಸಿಹಿನೀರಿನ ಬೆಲೆ ಗೊತ್ತಿರಲಿಲ್ಲ ಅಂತ ನನಗೆ ಇಂದಿಗೂ ಬೇಸರ ಇದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಎದ್ದ ಪೇಂಟ್ ಪೂರ್ತಿ ಕೆರೆಯಿರಿ. ಗೇಟು ತುಂಬ ಹಳೆಯದಾದರೆ ಒಣಗಿಸಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು, ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ವೈರ್ ಬ್ರಷ್‌ನಿಂದ ತುಕ್ಕು ತೆಗೆದ ಮೇಲೆ ಸಿಹಿನೀರಿನಿಂದ ತೊಳೆಯಿರಿ, ಬ್ರಷ್ ಹಾಕಿ ತೊಳೆಯಿರಿ, ಗುಂಡಿಗಳಲ್ಲಿ ಮತ್ತೆ ತುಕ್ಕು ಕಂಡರೆ ಇನ್ನೊಮ್ಮೆ ಉಜ್ಜಿ ಇನ್ನೊಮ್ಮೆ ತೊಳೆಯಿರಿ. ಕಡಲ ಹತ್ತಿರದ ಎಷ್ಟೋ ಬಾವಿಗಳಲ್ಲಿ ಬೇಸಿಗೆಗೆ ಉಪ್ಪುನೀರು ಬರುತ್ತದೆ, ಆ ನೀರಲ್ಲಿ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮೂಡುಗಾಳಿ ಇರುವಾಗಲೇ, ಅಂದರೆ ಕಡಲ ಗಾಳಿ ಏಳುವ ಮೊದಲು ಪ್ರೈಮರ್ ಹೊಡೆದು ಮುಗಿಸಿ. ಒದ್ದೆ ಬಟ್ಟೆಯಲ್ಲಿ ಕಬ್ಬಿಣ ಒರೆಸಿ ನೋಡಿ, ಹತ್ತು ಹದಿನೈದು ನಿಮಿಷದಲ್ಲಿ ತಾನಾಗಿ ಆರಿದರೆ ಹೊಡೆಯಬಹುದು. ವೃತ್ತಿಯವರು ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂದು ಅಳೆದು ನೋಡುತ್ತಾರೆ.

ಪ್ರೈಮರ್ ಬಗ್ಗೆ ಒಂದು ಮಾತು. ರೆಡ್ ಆಕ್ಸೈಡ್‌ನ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ, ಅದಕ್ಕೆ ತುಕ್ಕು ತಡೆಯುವ ವಿಶೇಷ ಗುಣ ಇಲ್ಲ. ಹಿಂದಿನ ಕಾಲದವರು ಹೊಡೆಯುತ್ತಿದ್ದದ್ದು ಸೀಸದ ಸಿಂಧೂರ, ಅದಕ್ಕೆ ಆ ಗುಣ ಇತ್ತು, ಜೊತೆಗೆ ವಿಷವೂ ಇತ್ತು. ಬಣ್ಣ ಎರಡೂ ಕೆಂಪೇ ಆದ್ದರಿಂದ ಹೆಸರು ಉಳಿದು ಗುಣ ಹೋಯಿತು. ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ಕೇಳಿ ತನ್ನಿ. ಮೂಲೆ, ಅಂಚು, ವೆಲ್ಡಿಂಗ್ ಮಾಡಿದ ಜಾಗಕ್ಕೆ ಮೊದಲೇ ಬ್ರಷ್‌ನಲ್ಲಿ ಒಂದು ಕೋಟ್ ಜಾಸ್ತಿ ಕೊಡಿ, ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳುವಾಗಿ ಜಾರುತ್ತದೆ. ಒಂದು ಕೋಟ್ ಹೊಡೆದು ನಾಲ್ಕು ದಿನ ಬಿಟ್ಟು ಇನ್ನೊಂದು ಹೊಡೆಯುವುದಾದರೆ, ನಡುವೆ ಮತ್ತೊಮ್ಮೆ ತೊಳೆದು ಆರಿಸಿ. ಆ ನಾಲ್ಕು ದಿನವೂ ಕಡಲು ಸುಮ್ನೆ ಕೂತಿರುವುದಿಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಭಾವನ ಮನೆಯ ಗೇಟು ಎಷ್ಟೋ ವರ್ಷದಿಂದ ಹಾಗೇ ಇದೆ. ಇಲ್ಲಿ ನಮ್ಮದು ಮೂರು ವರ್ಷಕ್ಕೆ ಹೋಯಿತು. ಕಡಲಿನಿಂದ ನಿಜವಾಗಿ ಅಷ್ಟು ವ್ಯತ್ಯಾಸ ಆಗುತ್ತದಾ?
– ಒಬ್ಬರು ಓದುಗರು, ಕಾಪು

ಉತ್ತರ: ಆಗುತ್ತದೆ. ಐಎಸ್‌ಒ 12944 ಎಂಬ ಮಾನದಂಡದಲ್ಲಿ ವಾತಾವರಣವನ್ನು ದರ್ಜೆ ಮಾಡಿದ್ದಾರೆ. ಬಣ್ಣ ಇಲ್ಲದ ಉಕ್ಕಿನ ತುಂಡನ್ನು ಹೊರಗಿಟ್ಟರೆ ಮೊದಲ ವರ್ಷ ಎಷ್ಟು ಸವೆಯುತ್ತದೆ ಅನ್ನುವುದು ಲೆಕ್ಕ. ಶುದ್ಧ ಗಾಳಿಯ ಒಳನಾಡು ಸಿ2 ದರ್ಜೆ, ಅಲ್ಲಿ 1.3ರಿಂದ 25 ಮೈಕ್ರಾನ್. ಉಪ್ಪು ಜಾಸ್ತಿ ಇರುವ ಕಡಲತೀರ ಸಿ5, ಅಲ್ಲಿ 80ರಿಂದ 200 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಭಾವನ ಮನೆಯ ಪೇಂಟರ್ ಮಾಡಿದ ಅದೇ ಕೆಲಸ ಕಾಪುವಿನಲ್ಲಿ ಸಾಲದು.

ಪ್ರಶ್ನೆ: ನಮ್ಮದು ಸ್ಟೀಲ್ ಬೋಟ್. ಅಡಿಗೆ ಜಿಂಕ್ ಪ್ಲೇಟ್ ಹಾಕಿದ್ದೇವೆ. ಈ ಸಲ ಮೇಲೆ ಎಳೆದಾಗ ನೋಡಿದರೆ ಪ್ಲೇಟಿನ ಸುತ್ತಲೇ ಒಂದು ಗೇಣು ಅಗಲಕ್ಕೆ ಪೇಂಟ್ ಗುಳ್ಳೆ ಎದ್ದಿದೆ, ಆದರೆ ಒಳಗೆ ತುಕ್ಕು ಇಲ್ಲ, ಕಬ್ಬಿಣ ಕ್ಲೀನಾಗಿದೆ. ಕೆಲವರು ಜಿಂಕ್ ಇನ್ನೂ ಜಾಸ್ತಿ ಹಾಕಿ ಅಂತಾರೆ, ಕೆಲವರು ತೆಗೆಯಿರಿ ಅಂತಾರೆ.
– ಒಬ್ಬರು ಬೋಟ್ ಮಾಲಕರು, ಮಲ್ಪೆ

ಉತ್ತರ: ಅಣ್ಣ, ತೆಗೆಯಬೇಡಿ. ಸುಮ್ನೆ ಜಾಸ್ತಿಯೂ ಹಾಕಬೇಡಿ. ನೀವು ನೋಡಿದ್ದನ್ನು ಇಷ್ಟು ಸರಿಯಾಗಿ ಬರೆದದ್ದರಿಂದ ನನಗೆ ಹೇಳಲು ಸುಲಭ ಆಯಿತು.

ಜಿಂಕ್ ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಎರಡನ್ನೂ ತಾಗಿಸಿ ಕಡಲ ನೀರಿನಲ್ಲಿ ಇಟ್ಟರೆ ಜಿಂಕ್ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ, ಅಂದರೆ ಬೋಟಿನ ಇಡೀ ಅಡಿಭಾಗ ಕ್ಯಾಥೋಡ್ ಆಗುತ್ತದೆ. ಮೇಲೆ ಉಳ್ಳಾಲದ ಅಕ್ಕನಿಗೆ ಹೇಳಿದೆನಲ್ಲ, ಕ್ಯಾಥೋಡಿನಲ್ಲಿ ಕ್ಷಾರ ಹುಟ್ಟುತ್ತದೆ. ಪ್ಲೇಟಿನ ಹತ್ತಿರ ಕರೆಂಟ್ ಜಾಸ್ತಿ, ಆದ್ದರಿಂದ ಕ್ಷಾರವೂ ಅಲ್ಲೇ ಜಾಸ್ತಿ. ತುಕ್ಕಿಲ್ಲದ ಕಬ್ಬಿಣದ ಮೇಲೆ ಗುಳ್ಳೆ ಇದ್ದರೆ ಜಿಂಕ್ ತನ್ನ ಕೆಲಸ ಮಾಡಿದೆ, ಪೇಂಟಿಗೆ ಆ ಕ್ಷಾರವನ್ನು ತಡೆದುಕೊಳ್ಳಲು ಆಗಲಿಲ್ಲ ಅಂತ ಲೆಕ್ಕ. ನೀರಿನ ಅಡಿಯ ಭಾಗಕ್ಕೆ ಎಣ್ಣೆ ಮೂಲದ ಪೇಂಟ್ ಬೇಡ, ಎಪಾಕ್ಸಿಯೇ ಆಗಬೇಕು. ಪ್ಲೇಟುಗಳ ಸುತ್ತ ಒಂದೆರಡು ಕೋಟ್ ಹೆಚ್ಚು ಕೊಡಿ. ನಾಲ್ಕು ಪ್ಲೇಟ್ ಒಂದೇ ಕಡೆ ಗುಂಪಾಗಿ ಹಾಕುವ ಬದಲು ಉದ್ದಕ್ಕೂ ಹಂಚಿ ಹಾಕಿ.

ಅಳತೆ ಬೇಕೆಂದರೆ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಒಂದು ಸಣ್ಣ ಎಲೆಕ್ಟ್ರೋಡ್ ಸಿಗುತ್ತದೆ, ಮಲ್ಟಿಮೀಟರಿನ ಒಂದು ವೈರ್ ಅದಕ್ಕೆ, ಇನ್ನೊಂದು ಬೋಟಿನ ಕಬ್ಬಿಣಕ್ಕೆ ಕೊಟ್ಟು ಎಲೆಕ್ಟ್ರೋಡನ್ನು ನೀರಿಗೆ ಬಿಡಬೇಕು. ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಮೈನಸ್ ತೋರಿಸಿದರೆ ಉಕ್ಕು ಸುರಕ್ಷಿತ. ಬರೀ ಜಿಂಕಿನಿಂದ ಸುಮಾರು ಮೈನಸ್ 1.05ರ ಆಚೆ ಹೋಗುವುದಿಲ್ಲ. ಮೈನಸ್ 1.1 ದಾಟಿದರೆ ಬೇರೆ ಏನೋ ಸೇರಿದೆ ಅಂತ ತಿಳಿಯಿರಿ. ಯಾರೋ ಮೆಗ್ನೀಸಿಯಮ್ ಪ್ಲೇಟ್ ಹಾಕಿರಬಹುದು, ಕಡಲ ನೀರಿಗೆ ಅದು ಅತಿ ಜೋರು, ಪೇಂಟನ್ನು ಸಿಪ್ಪೆ ಸುಲಿದ ಹಾಗೆ ಎಬ್ಬಿಸುತ್ತದೆ. ಇಲ್ಲವೆಂದರೆ ಬ್ಯಾಟರಿ, ಚಾರ್ಜರ್ ಅಥವಾ ದಡದಿಂದ ಎಳೆದ ವೆಲ್ಡಿಂಗ್ ಕೇಬಲಿನ ಕರೆಂಟ್ ನೀರಿಗೆ ಸೋರುತ್ತಿರಬಹುದು. ವೆಲ್ಡಿಂಗ್ ಮಾಡಿಸುವಾಗ ಅರ್ತ್ ಕ್ಲಾಂಪ್ ಅದೇ ಬೋಟಿಗೆ, ವೆಲ್ಡ್ ಮಾಡುವ ಜಾಗದ ಹತ್ತಿರವೇ ಇರಲಿ. ಪಕ್ಕದ ಬೋಟಿಗೋ ಧಕ್ಕೆಯ ಕಂಬಿಗೋ ಕೊಟ್ಟರೆ ಕರೆಂಟ್ ನೀರಿನ ದಾರಿ ಹಿಡಿಯುತ್ತದೆ, ಅದು ನೀರಿಗೆ ಇಳಿಯುವ ಜಾಗದ ಕಬ್ಬಿಣ ಕರಗುತ್ತದೆ.

ಇನ್ನೊಂದು, ದಯವಿಟ್ಟು ಜಿಂಕ್ ಪ್ಲೇಟಿಗೆ ಪೇಂಟ್ ಹೊಡೆಸಬೇಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಕಡಲಿಗೆ ಇಳಿಯದ ಸಮಯದಲ್ಲಿ ಎಲ್ಲರೂ ಪೇಂಟಿಂಗ್ ಮಾಡಿಸುತ್ತಾರೆ. ಪೇಂಟರ್ ಚಂದ ಕಾಣಲಿ ಅಂತ ಪ್ಲೇಟಿನ ಮೇಲೂ ಎಳೆದುಬಿಡುತ್ತಾನೆ. ಬಣ್ಣ ಮುಚ್ಚಿದ ಜಿಂಕ್ ಸತ್ತ ಜಿಂಕ್. ಬಟ್ಟೆ ಕಟ್ಟಿ ಮುಚ್ಚಿ ಆಮೇಲೆ ಪೇಂಟ್ ಮಾಡಿಸಿ. ಅರ್ಧ ಕರಗಿದಾಗ ಬದಲಿಸಿ.

ರಜೆಯ ಆ ಎರಡು ತಿಂಗಳು ಬೋಟು ನೀರಲ್ಲೇ ಇದ್ದರೆ ಬೇರೊಂದು ತೊಂದರೆ ಇದೆ. ಮಂಗಳೂರಿನ ಹಳೆ ಬಂದರಿಗೆ ನೇತ್ರಾವತಿ, ಫಲ್ಗುಣಿ ಎರಡೂ ಹೊಳೆಗಳ ಮಳೆನೀರು ಬರುತ್ತದೆ, ಮಲ್ಪೆಯಲ್ಲೂ ಹೊಳೆಬಾಯಿ ಹತ್ತಿರವೇ. ಮಳೆಗಾಲದಲ್ಲಿ ಅಳಿವೆಯ ಮೇಲಿನ ನೀರು ಹೆಚ್ಚುಕಡಿಮೆ ಸಿಹಿ. ಸಿಹಿನೀರಲ್ಲಿ ಕರೆಂಟ್ ಸರಿಯಾಗಿ ಹರಿಯದ ಕಾರಣ ಜಿಂಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮತ್ತು ಪೇಂಟಿನ ಅಡಿಯಲ್ಲಿ ಉಪ್ಪು ಉಳಿದಿದ್ದರೆ ಸಪ್ಪೆ ನೀರು ಗುಳ್ಳೆಯನ್ನು ಇನ್ನೂ ಬೇಗ ಎಬ್ಬಿಸುತ್ತದೆ. ಆಗುವುದಾದರೆ ಮೇಲೆ ಎಳೆದಿಡುವುದೇ ಒಳ್ಳೆಯದು.

ಈ ವಿದ್ಯೆ ಶುರುವಾದದ್ದೇ ಹಡಗಿನಿಂದ. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಕಡಲಲ್ಲಿ ಸವೆಯುವುದನ್ನು ತಡೆಯಲು ಜಿಂಕ್ ಮತ್ತು ಕಬ್ಬಿಣದ ತುಂಡುಗಳನ್ನು ತಾಗಿಸಿ ನೋಡಿದರು. ತಾಮ್ರ ಸವೆಯುವುದು ನಿಂತೇ ಹೋಯಿತು. ಆದರೆ ಕರಗುವ ತಾಮ್ರವೇ ಹಡಗಿಗೆ ಚಿಪ್ಪುಜೀವಿಗಳು ಅಂಟದ ಹಾಗೆ ಕಾಯುತ್ತಿತ್ತು. ತಾಮ್ರ ಕರಗದೆ ಉಳಿದಾಗ ಅಡಿಯಲ್ಲಿ ಚಿಪ್ಪು ತುಂಬಿ ಹಡಗಿನ ವೇಗ ತಗ್ಗಿತು, ಆ ತುಂಡುಗಳನ್ನು ತೆಗೆಯಬೇಕಾಯಿತು. ಸೂತ್ರ ಸರಿಯಿತ್ತು, ಕಬ್ಬಿಣದ ಹಡಗುಗಳ ಕಾಲಕ್ಕೆ ಅದು ಚೆನ್ನಾಗಿ ಉಪಯೋಗಕ್ಕೆ ಬಂತು.

ಪ್ರಶ್ನೆ: ತುಕ್ಕು ಹಿಡಿಯಲು ಆಮ್ಲಜನಕ ಬೇಕು ಅಂತ ಪಾಠದಲ್ಲಿದೆ. ಆದರೆ ನಮ್ಮ ಮನೆಯ ಕಬ್ಬಿಣದ ಸ್ಟ್ಯಾಂಡ್‌ನಲ್ಲಿ ಹೂಕುಂಡದ ಅಡಿಯಲ್ಲೇ, ಗಾಳಿ ತಾಗದ ಜಾಗದಲ್ಲೇ ತೂತು ಬಿದ್ದಿದೆ. ಯಾಕೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ತುಂಬ ಒಳ್ಳೆಯ ಪ್ರಶ್ನೆ ಮಗಳೇ. ಪಾಠವೂ ಸರಿ, ನೀನು ನೋಡಿದ್ದೂ ಸರಿ. ಆಮ್ಲಜನಕ ಬೇಕಾದದ್ದು ಕ್ಯಾಥೋಡಿಗೆ. ಕಬ್ಬಿಣ ಕರಗುವುದು ಆನೋಡಿನಲ್ಲಿ. ಎರಡೂ ಒಂದೇ ಜಾಗದಲ್ಲಿ ಇರಬೇಕಾಗಿಲ್ಲ. ಗಾಳಿ ಚೆನ್ನಾಗಿ ತಾಗುವ ಜಾಗ ಕ್ಯಾಥೋಡ್ ಆಗಿ, ಗಾಳಿ ತಾಗದ ಒದ್ದೆ ಜಾಗ ಆನೋಡ್ ಆಗಿ ಕರಗುತ್ತದೆ. ಸುತ್ತಲಿನ ದೊಡ್ಡ ಜಾಗಕ್ಕೆ ಬೇಕಾದ ಎಲೆಕ್ಟ್ರಾನ್‌ಗಳೆಲ್ಲ ಆ ಒಂದು ಸಣ್ಣ ಜಾಗದಿಂದಲೇ ಹೋಗಬೇಕು, ಹಾಗಾಗಿ ಅಲ್ಲಿ ತೂತು.

ಕೇಂಬ್ರಿಡ್ಜಿನ ಯುಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ನೀನೂ ಮಾಡು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ದೊಡ್ಡ ಹನಿ ಇಟ್ಟು ಕೆಲವು ಗಂಟೆ ಬಿಡು. ಹನಿಯ ಅಂಚು ತೆಳು, ಅಲ್ಲಿಗೆ ಆಮ್ಲಜನಕ ಸುಲಭವಾಗಿ ಸಿಗುತ್ತದೆ. ನಡುಭಾಗ ದಪ್ಪ, ಅಲ್ಲಿಗೆ ಕಡಿಮೆ. ಅಂಚಿನ ಕಬ್ಬಿಣ ಹೊಳೆಯುತ್ತಲೇ ಇರುತ್ತದೆ, ನಡುವೆ ಕಬ್ಬಿಣ ಕರಗುತ್ತದೆ, ಎರಡರ ಮಧ್ಯೆ ತುಕ್ಕಿನ ಒಂದು ಬಳೆ ಕಟ್ಟುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಉಪನ್ಯಾಸಕರನ್ನು ಕೇಳಿ ಹನಿಗೆ ಫಿನಾಲ್ಫ್ತಲೀನ್ ಮತ್ತು ಪೊಟಾಸಿಯಮ್ ಫೆರಿಸಯನೈಡ್ ಸ್ವಲ್ಪ ಸೇರಿಸಿದರೆ ಅಂಚು ಗುಲಾಬಿ, ನಡು ನೀಲಿ. ಗುಲಾಬಿ ಅಂದರೆ ಕ್ಷಾರ, ನೀಲಿ ಅಂದರೆ ಕರಗಿದ ಕಬ್ಬಿಣ. ಒಮ್ಮೆ ಕಣ್ಣಾರೆ ಕಂಡರೆ ಮರೆಯುವುದೇ ಇಲ್ಲ. ಕುಂಡದ ಅಡಿ, ಹಗ್ಗ ಸುತ್ತಿದ ಜಾಗ, ಎರಡು ಪಟ್ಟಿ ಒಂದರ ಮೇಲೊಂದು ಕೂತ ಸಂದಿ, ಕೆಸರು ಮೆತ್ತಿದ ಮಡ್‌ಗಾರ್ಡ್, ಎಲ್ಲ ಕಡೆ ಇದೇ ಕಥೆ.

ಪ್ರಶ್ನೆ: ಟೆರೇಸಿನ ಶೀಟ್ ಮಾಡಿನಲ್ಲಿ ಮಳೆ ಬೀಳುವ ಮೇಲ್ಭಾಗ ಚೆನ್ನಾಗಿದೆ, ಮಳೆಯೇ ತಾಗದ ಅಡಿಭಾಗ ಮತ್ತು ಕಬ್ಬಿಣದ ಪಟ್ಟಿ ಹಾಳಾಗಿದೆ. ಉಲ್ಟಾ ಅಲ್ವಾ?
– ನಿವೃತ್ತ ಅಧ್ಯಾಪಕರು, ಉಡುಪಿ

ಉತ್ತರ: ಸಾರ್, ಮೇಲ್ಭಾಗವನ್ನು ಮಳೆ ತೊಳೆಯುತ್ತದೆ. ಅಡಿಭಾಗವನ್ನು ಯಾರೂ ತೊಳೆಯುವುದಿಲ್ಲ. ಗಾಳಿಯಲ್ಲಿ ಬಂದ ಉಪ್ಪು ಅಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತದೆ, ಬಿಸಿಲು ತಾಗದೆ ಒಣಗುವುದೂ ಇಲ್ಲ. ಜನವರಿಯಲ್ಲೊಮ್ಮೆ, ಏಪ್ರಿಲ್ ಕೊನೆಗೊಮ್ಮೆ ಪೈಪ್ ಹಿಡಿದು ಶೀಟಿನ ಅಡಿ, ಪಟ್ಟಿಗಳ ಒಳಮೂಲೆ, ಸ್ಕ್ರೂಗಳ ಸುತ್ತ ಸಿಹಿನೀರು ಹಾಯಿಸಿ. ಅರ್ಧ ಗಂಟೆಯ ಕೆಲಸ, ಅಷ್ಟಕ್ಕೇ ಮಾಡಿನ ಆಯುಷ್ಯ ಹೆಚ್ಚುತ್ತದೆ. ಕಿಟಕಿಯ ಸಜ್ಜಾದ ಅಡಿಯ ಗ್ರಿಲ್, ಪೋರ್ಟಿಕೋದಲ್ಲಿ ನಿಲ್ಲಿಸಿದ ಸ್ಕೂಟರಿಗೂ ಇದೇ ಮಾತು.

ಪ್ರಶ್ನೆ: ಹೊಸ ಜಿಐ ಪೈಪಿನ ಚಪ್ಪರಕ್ಕೆ ಎನಾಮಲ್ ಹೊಡೆಸಿದೆ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದುದ್ದ ಏಳುತ್ತಿದೆ. ತುಕ್ಕು ಇಲ್ಲ.
– ಕುಂದಾಪುರ

ಉತ್ತರ: ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ, ಅಂದರೆ ಜಿಂಕಿನ ಲೇಪ. ಎನಾಮಲಿನ ಎಣ್ಣೆ ಸತುವಿನ ಜೊತೆ ಸೇರಿ ಸತುವಿನ ಸೋಪಾಗುತ್ತದೆ, ಬಣ್ಣ ಜಾರುತ್ತದೆ. ಪೂರ್ತಿ ಕೆರೆದು, ತೊಳೆದು, ಜಿಐಗೆ ಅಂತಲೇ ಬರುವ ಎಟ್ಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಹೊಡೆದು ಆಮೇಲೆ ಬಣ್ಣ ಕೊಡಿ.

ಪ್ರಶ್ನೆ: ತುಕ್ಕಿನ ಮೇಲೇ ಹಚ್ಚುವ, ಹಚ್ಚಿದ ಕೂಡಲೇ ಕಪ್ಪಾಗುವ ದ್ರವ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ತೊಳೆಯುವ ಕೆಲಸ ತಪ್ಪುತ್ತದಾ?
– ಒಬ್ಬರು ವೆಲ್ಡಿಂಗ್ ಕೆಲಸದವರು, ಮೂಡಬಿದಿರೆ

ಉತ್ತರ: ತಪ್ಪುವುದಿಲ್ಲ. ಅದರಲ್ಲಿರುವುದು ಟ್ಯಾನಿಕ್ ಆಮ್ಲ, ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ. ಅಳಲೆಕಾಯಿಯಲ್ಲಿ, ಗೇರುಬೀಜದ ಒಳಸಿಪ್ಪೆಯಲ್ಲಿ ಇರುವ ಟ್ಯಾನಿನ್ ಇದೇ ಜಾತಿಯದು. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿದರೆ ಕಪ್ಪು ಶಾಯಿ ಆಗುತ್ತದೆ, ನಿಮ್ಮ ತುಕ್ಕು ಕಪ್ಪಾಗುವುದೂ ಹಾಗೆಯೇ. ತೆಳುವಾದ, ಗಟ್ಟಿಯಾಗಿ ಹಿಡಿದ ತುಕ್ಕಿಗೆ ಅದು ಸಹಾಯ ಮಾಡುತ್ತದೆ. ಆದರೆ ತುಕ್ಕಿನ ಗುಂಡಿಯಲ್ಲಿ ಕೂತ ಉಪ್ಪನ್ನು ಅದು ತೆಗೆಯುವುದಿಲ್ಲ. ನಿಮ್ಮ ಕೈಯಲ್ಲಿ ದಿನಕ್ಕೆ ಹತ್ತು ಗೇಟು, ಗ್ರಿಲ್ ತಯಾರಾಗುತ್ತವೆ. ಕಡಲ ಬದಿಯ ಮನೆಗೆ ಹೋಗುವ ಗೇಟಾದರೆ ವೆಲ್ಡಿಂಗಿನ ಹೊಗೆಮಸಿ, ಕಿಟ್ಟ ಎಲ್ಲ ಉಜ್ಜಿ ತೊಳೆದು ಅಂದೇ ಪ್ರೈಮರ್ ಹೊಡೆದು ಕಳಿಸಿ ಅಂತ ನನ್ನ ವಿನಂತಿ. ಪೈಪಿನ ಬಾಯಿಗಳನ್ನು ತೆರೆದಿಡಬೇಡಿ, ವೆಲ್ಡ್ ಮಾಡಿ ಮುಚ್ಚಿಬಿಡಿ, ಒಳಗಿನಿಂದ ಹಿಡಿದ ತುಕ್ಕಿಗೆ ಯಾವ ಪೇಂಟರಿನ ಬ್ರಷ್ಷೂ ತಲುಪುವುದಿಲ್ಲ.

ಪ್ರಶ್ನೆ: ಕೊಲ್ಲೂರಿಗೆ ಹೋದಾಗ ಕೊಡಚಾದ್ರಿ ಹತ್ತಿದೆವು. ಅಲ್ಲಿ ಬಣ್ಣವೇ ಇಲ್ಲದ ಹಳೆಯ ಕಬ್ಬಿಣದ ಕಂಬ ಅಷ್ಟು ಮಳೆಗೂ ನಿಂತಿದೆ. ನಮ್ಮ ಗೇಟು ಯಾಕೆ ನಿಲ್ಲುವುದಿಲ್ಲ?
– ಬ್ರಹ್ಮಾವರ

ಉತ್ತರ: ಆ ಎತ್ತರದ ಬೆಟ್ಟದ ಗಾಳಿಯಲ್ಲಿ ತೀರದಷ್ಟು ಉಪ್ಪು ಇರುವುದಿಲ್ಲ, ಮಳೆ ತೊಳೆಯುತ್ತದೆ, ಕಂಬದ ಕಬ್ಬಿಣವೂ ದಪ್ಪ. ಹಳೆಯ ಕುಲುಮೆಯ ಕಬ್ಬಿಣಕ್ಕೆ ಬೇರೆ ಗುಣವೂ ಇರುತ್ತದೆ. ದೆಹಲಿಯ ಸುಮಾರು 1600 ವರ್ಷ ಹಳೆಯ ಸ್ತಂಭದಲ್ಲಿ ರಂಜಕದ ಅಂಶ ಇಂದಿನ ಉಕ್ಕಿಗಿಂತ ಎಷ್ಟೋ ಜಾಸ್ತಿ, ಅದರಿಂದ ಮೇಲೆ ಗಟ್ಟಿಯಾದ ಕಾಯುವ ಪದರ ಕಟ್ಟಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದಾರೆ. ನಮ್ಮ ಗೇಟಿನ ತೆಳು ಪೈಪಿಗೆ ಆ ಭಾಗ್ಯ ಇಲ್ಲ.

ಪ್ರಶ್ನೆ: ಈಗ ಅಕ್ಟೋಬರ್. ಗುಳ್ಳೆ ಎದ್ದ ಗ್ರಿಲ್‌ಗೆ ದೀಪಾವಳಿಯ ಮೊದಲು ಬಣ್ಣ ಹೊಡೆಸಬಹುದಾ?
– ಹೆಜಮಾಡಿ

ಉತ್ತರ: ಹಬ್ಬಕ್ಕೆ ಮನೆ ಚಂದ ಕಾಣಬೇಕು ಅನ್ನುವ ಆಸೆ ನನಗೆ ಅರ್ಥ ಆಗುತ್ತದೆ. ಆದರೂ ಡಿಸೆಂಬರ್ ತನಕ ತಡೆಯಿರಿ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ ಇದ್ದೇ ಇದೆ, ಗೋಡೆಯೂ ಕಬ್ಬಿಣದ ಸಂದಿಗಳೂ ಇನ್ನೂ ಒದ್ದೆ. ಈಗ ಮಾಡಬೇಕಾದ್ದು ಇಷ್ಟು: ಎದ್ದ ಬಣ್ಣ ಕೆರೆದು ತೆಗೆಯಿರಿ, ಕೆರೆದ ಜಾಗಕ್ಕೆ ವಾರಕ್ಕೊಮ್ಮೆ ಸಿಹಿನೀರು ಹಾಕಿ ಬ್ರಷ್‌ನಲ್ಲಿ ತಿಕ್ಕಿ. ಕಂದು ಬಣ್ಣದ ತೆಳು ತುಕ್ಕು ಬಂದರೆ ಹೆದರಬೇಡಿ, ಡಿಸೆಂಬರಿನಲ್ಲಿ ಅದನ್ನು ಉಜ್ಜಿ ತೆಗೆಯಬಹುದು. ಅಷ್ಟರ ತನಕ ಗುಂಡಿಗಳಲ್ಲಿ ಉಪ್ಪು ಕೂರದ ಹಾಗೆ ನೋಡಿಕೊಂಡರೆ ಸಾಕು.